ನಮ್ಮ ಮನೆ ಮುಂದಿನ ಐದು ಅಡಿ

ಕೋಲಾರದ ಕಡೆಯವರಿಗೆ ಹಿಮ ಸಿಗುವುದು ಎರಡೇ ಜಾಗದಲ್ಲಿ: ಸಿನಿಮಾ ಹಾಡಿನಲ್ಲಿ, ಇಲ್ಲವೇ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟ ನಾನೂ ಅಷ್ಟರಲ್ಲೇ ಇದ್ದವನು. ಬೋರ್ಡಿನ ಮೇಲೆ ಶೀತವಲಯ ಬರೆದು ಬಣ್ಣದ ಸೀಮೆಸುಣ್ಣ ತಿಕ್ಕಿದ್ದೇ ತಿಕ್ಕಿದ್ದು, ಶೀತ ಅಂದರೇನು ಅಂತ ಗೊತ್ತಾದದ್ದು ಹೋದ ಜನವರಿಯಲ್ಲಿ, ಮಗನ ಮನೆಗೆಂದು ಚಿಕಾಗೋಗೆ ಹೋದಾಗ.

ಹೋದ ನಾಲ್ಕನೇ ದಿನ ಬೆಳಗ್ಗೆ ಆರಕ್ಕೇ ಎಚ್ಚರವಾಯಿತು. ಹೊರಗೆ ಗರ್ ಗರ್ ಅಂತ ಸದ್ದು. ಒಲೆಯ ಬೂದಿ ಕೆರೆದ ಹಾಗೆ, ಆದರೆ ಬೀದಿಯುದ್ದಕ್ಕೂ. ಪರದೆ ಸರಿಸಿ ನೋಡಿದರೆ ರಾತ್ರಿಯೆಲ್ಲಾ ಹಿಮ ಬಿದ್ದಿದೆ. ಕಾರುಗಳು ಯಾವುವು, ಪೊದೆಗಳು ಯಾವುವು ಅಂತ ತಿಳಿಯದ ಹಾಗೆ ಎಲ್ಲವೂ ಬಿಳಿಯ ಗುಡ್ಡೆ. ಪ್ರತಿ ಮನೆಯ ಮುಂದೂ ಒಬ್ಬೊಬ್ಬರು ಸಲಿಕೆ ಹಿಡಿದು ನಿಂತಿದ್ದಾರೆ. ನಮ್ಮ ಮನೆಯ ಮುಂದೆ ಮಗ. ಅವನ ಪಕ್ಕದಲ್ಲಿ, ಕಣ್ಣು ಬಿಟ್ಟು ಬೇರೇನೂ ಕಾಣದ ಹಾಗೆ ಬಟ್ಟೆ ಸುತ್ತಿಕೊಂಡು, ಕೆಂಪು ಬಣ್ಣದ ಪುಟ್ಟ ಸಲಿಕೆ ಹಿಡಿದ ಹತ್ತು ವರ್ಷದ ಮೊಮ್ಮಗಳು. ಮನೆಯಲ್ಲಿ ಅವಳನ್ನು ನಾವು ಕರೆಯುವುದು ಪುಟ್ಟಿ ಅಂತ.

ಕಾಫಿ ಕುಡಿಯುತ್ತಾ ಮಗ ಅಲ್ಲಿಯ ಕಾಯಿದೆ ಹೇಳಿದ. ವಾಹನ ಓಡಾಡುವ ರಸ್ತೆ ನಗರದ ಆಡಳಿತದ್ದು. ಮುಂದಕ್ಕೆ ದೊಡ್ಡ ಅಲಗು ಕಟ್ಟಿಕೊಂಡ ಲಾರಿಗಳು ಬಂದು ಅದರ ಹಿಮವನ್ನು ತಳ್ಳಿಕೊಂಡು ಹೋಗುತ್ತವೆ. ಆದರೆ ಮನೆಯ ಮುಂದಿನ ಕಾಲುದಾರಿ ಆಯಾ ಮನೆಯವರದ್ದು. ರಾತ್ರಿ ಬಿದ್ದ ಹಿಮವನ್ನು ಬೆಳಗ್ಗೆ ಹತ್ತು ಗಂಟೆಯೊಳಗೆ ತೆಗೆಯಬೇಕು, ಹಗಲು ಬಿದ್ದದ್ದನ್ನು ರಾತ್ರಿ ಹತ್ತರೊಳಗೆ. ಕಡಿಮೆಯೆಂದರೆ ಐದು ಅಡಿ ಅಗಲದ ದಾರಿ ಬಿಡಿಸಬೇಕು. ತೆಗೆದದ್ದನ್ನು ರಸ್ತೆಗೆ ಎಸೆಯುವ ಹಾಗಿಲ್ಲ, ಬೆಂಕಿ ಆರಿಸುವವರ ನೀರಿನ ಕೊಳಾಯಿಯ ಮೇಲೆ ಗುಡ್ಡೆ ಹಾಕುವ ಹಾಗಿಲ್ಲ. ತಪ್ಪಿದರೆ 50ರಿಂದ 500 ಡಾಲರಿನವರೆಗೆ ದಂಡ.

"ಅಲ್ಲಯ್ಯಾ, ತೆರಿಗೆ ಕಟ್ಟಿಸಿಕೊಳ್ಳುವವರು ಅವರು. ಬೆನ್ನು ಬಗ್ಗಿಸುವವನು ನೀನಾ?" ಅಂದೆ. ಮೇಷ್ಟ್ರ ಬುದ್ಧಿ, ವಾದ ಬಿಟ್ಟುಕೊಡುವುದಿಲ್ಲ.

ಉತ್ತರ ಕೊಟ್ಟದ್ದು ಪುಟ್ಟಿ. "ತಾತ, ಆ ಕಡೆ ಮನೆ ಅಜ್ಜಿ ವಾಕರ್ ಹಿಡ್ಕೊಂಡು ನಡೀತಾರೆ. ಎಲ್ಲರೂ ಕ್ಲೀನ್ ಮಾಡಿ ನಾವೊಬ್ರು ಮಾಡದೇ ಇದ್ರೆ, ಅವ್ರು ನಮ್ಮನೆ ಹತ್ರ ಬಂದು ನಿಂತುಬಿಡ್ತಾರೆ. ಅಷ್ಟೇ."

ಆಗ ನನಗೆ ಅದು ಮಕ್ಕಳ ಮಾತಿನ ಹಾಗೆ ಕೇಳಿಸಿತು. ಸುಮ್ಮನೆ ನಕ್ಕೆ.

ಆ ಊರಿನ ಇನ್ನೊಂದು ತಮಾಷೆ ಹೇಳಿಬಿಡುತ್ತೇನೆ. ರಸ್ತೆಯ ಬದಿಯಲ್ಲಿ ತನ್ನ ಕಾರಿನ ಸುತ್ತ ಹಿಮ ಅಗೆದು ಜಾಗ ಮಾಡಿಕೊಂಡವನು, ಕಾರು ತೆಗೆದುಕೊಂಡು ಹೋಗುವಾಗ ಅಲ್ಲಿ ಮನೆಯದೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾನೆ. 'ಬೆವರು ಸುರಿಸಿದವನು ನಾನು, ಜಾಗ ನನ್ನದು' ಅಂತ ಅರ್ಥ. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ, ಆದರೂ ನಡೆಯುತ್ತದೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆಯುವುದಿಲ್ಲವೇ, ಅದರ ಅಣ್ಣ. ಮುರಿದ ಕುರ್ಚಿ, ಇಸ್ತ್ರಿ ಹಲಗೆ, ಮಗುವಿನ ಆಟದ ಕುದುರೆ, ಏನೇನೋ ಹಿಮದಲ್ಲಿ ಕಾವಲು ನಿಂತಿರುವುದನ್ನು ನೋಡಿದೆ.

ಎರಡು ವಾರ ಕಳೆದ ಮೇಲೆ ನನ್ನ ಸರದಿ ಬಂತು. ಮಗ, ಸೊಸೆ ಕೆಲಸಕ್ಕೆ, ಪುಟ್ಟಿ ಶಾಲೆಗೆ. ಮೆಟ್ಟಿಲ ಕೆಳಗೆ, ಕಾಲುದಾರಿಗೆ ಸೇರುವ ಜಾಗದಲ್ಲಿ ಬೆರಳು ದಪ್ಪ ಮಂಜುಗಡ್ಡೆ ಕಟ್ಟಿತ್ತು. ಸಲಿಕೆಗೆ ಬಗ್ಗಲಿಲ್ಲ. ಭೂಗೋಳದ ಮೇಷ್ಟ್ರು ತಲೆ ಓಡಿಸಿದರು: ಎರಡು ಬಕೆಟ್ ಬಿಸಿನೀರು ಸುರಿದರು. ಹೊಗೆಯಾಡುತ್ತಾ ಮಂಜು ಕರಗಿ ಹರಿದೇ ಹೋಯಿತು. ಹೆಮ್ಮೆಯಿಂದ ಒಳಗೆ ಬಂದು ಸೊಂಟಕ್ಕೆ ಶಾಲು ಸುತ್ತಿಕೊಂಡು ಕೂತೆ.

ಮಕ್ಕಳೇ, ನೀವು ಯಾರಾದರೂ ಆ ಕಡೆ ಹೋದರೆ ಈ ಕೆಲಸ ಮಾಡಬೇಡಿ. ಹೊರಗಿನ ಚಳಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿತ್ತು. ಸುರಿದ ನೀರು ಎಲ್ಲಿಗೆ ಹೋಗುತ್ತದೆ? ಕಾಲುದಾರಿಯ ಮೇಲೆ ತೆಳ್ಳಗೆ ಹರಡಿ ಅರ್ಧ ಗಂಟೆಯೊಳಗೆ ಮತ್ತೆ ಗಟ್ಟಿಯಾಗುತ್ತದೆ. ಮೊದಲಿದ್ದದ್ದು ಒರಟು, ಕಣ್ಣಿಗೆ ಕಾಣುವ ಮಂಜು. ಈಗಿನದು ಕಾಣದ ಗಾಜು. ಅಲ್ಲಿಯವರು ಹಾಕುವುದು ಕಲ್ಲುಪ್ಪು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ತೀರಾ ಚಳಿಯಾದರೆ ಉಪ್ಪೂ ಸೋಲುತ್ತದೆ, ಆಗ ಕಾಲು ಜಾರದಿರಲೆಂದು ಮರಳು ಎರಚುತ್ತಾರೆ. ನಮ್ಮ ಮನೆಯ ಬಾಗಿಲ ಹಿಂದೆಯೇ ಉಪ್ಪಿನ ಚೀಲವಿತ್ತು. ನಾನು ಕೇಳಿರಲಿಲ್ಲ.

ಮಧ್ಯಾಹ್ನ ಅಂಚೆ ಹಂಚುವ ಹೆಂಗಸು ಅಲ್ಲಿ ಜಾರಿ ಬಿದ್ದರು. ಕಿಟಕಿಯಿಂದ ನೋಡಿದೆ. ಒಂದು ಕ್ಷಣ ನಿಂತಿದ್ದರು, ಮರುಕ್ಷಣ ಇರಲಿಲ್ಲ. ಕಾಗದಗಳೆಲ್ಲಾ ಹಿಮದ ಮೇಲೆ ಚೆಲ್ಲಿದ್ದವು. ಓಡಿದೆ. ಪುಣ್ಯಕ್ಕೆ ಮಣಿಕಟ್ಟು ಉಳುಕಿದ್ದು ಬಿಟ್ಟು ಹೆಚ್ಚೇನೂ ಆಗಿರಲಿಲ್ಲ. ನನಗೆ ಬಂದ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಅವರು ಎದ್ದು, ಬಟ್ಟೆ ಕೊಡವಿಕೊಂಡು, ನಮ್ಮ ಮನೆಯ ಕಾಗದಗಳನ್ನು ಆರಿಸಿ ನನ್ನ ಕೈಗೇ ಕೊಟ್ಟು, ಮುಂದಿನ ಮನೆಗೆ ನಡೆದರು. ಮನೆ ಮುಂದೆ ಹಿಮ ತೆಗೆಯಲು ಹೊರಟ ಮನೆಯವನ ಮೇಲೆ ಸುಲಭಕ್ಕೆ ದಾವೆ ಹೂಡದ ಹಾಗೆ ಆ ರಾಜ್ಯದಲ್ಲಿ 1979ರಲ್ಲೇ ಒಂದು ಕಾನೂನು ಮಾಡಿದ್ದಾರಂತೆ, ಮಗ ಸಮಾಧಾನ ಹೇಳಿದ. ನನಗೆ ಸಮಾಧಾನವಾಗಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಪುಟ್ಟಿ ಕೇಳಿದಳು. "ತಾತ, ನಿಮ್ಮೂರಲ್ಲಿ ಹಿಮ ಬೀಳಲ್ವಲ್ಲ. ನೀವು ನಿಮ್ಮನೆ ಮುಂದೆ ಏನು ತೆಗೀಬೇಕು?"

ಬೆಳಗ್ಗೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವುದನ್ನು ಹೇಳಿದೆ. "ಅದು ನಿಮಗೆ ಚೆಂದಕ್ಕೆ ಅಲ್ವಾ? ಬೇರೆಯವ್ರಿಗೋಸ್ಕರ ಏನು ತೆಗೀಬೇಕು?" ಅಂದಳು. 'ಕಾಲುವೆ' ಅನ್ನುವ ಪದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ಬೇಸಿಗೆ ರಜಕ್ಕೆ ಬಾ, ತೋರಿಸ್ತೀನಿ" ಅಂದೆ. ಮಕ್ಕಳು ಇಂಥ ಮಾತನ್ನು ಮರೆಯುವುದಿಲ್ಲ ಅನ್ನುವುದನ್ನು ನಾನು ಮರೆತಿದ್ದೆ.

ಜೂನ್ ಕೊನೆಗೆ ಬಂದಳು. ಬಂದ ಮೂರನೇ ದಿನವೇ ಅಂತರಗಂಗೆಗೆ ಹತ್ತಿಸಿದೆ. ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ, ಕೋತಿಗಳಿಂದ ಬಾಳೆಹಣ್ಣು ಉಳಿಸಿಕೊಳ್ಳಲು ಹೋಗಿ ಕಳೆದುಕೊಂಡು, ಇನ್ನೂ ಮೇಲಕ್ಕೆ ಬಂಡೆಗಳ ನಡುವೆ ಹೋದೆವು. ಅಲ್ಲಿಂದ ಕೆಳಗೆ ನೋಡಿದರೆ ಕೋಲಾರ ಪಟ್ಟಣ, ಅದರಾಚೆ ಕೆರೆಗಳು. ಕೆಲವು ಹೊಳೆಯುತ್ತಿದ್ದವು, ಕೆಲವು ಬರೀ ಹಸಿರು ತಟ್ಟೆಗಳು.

"ನೋಡು," ಅಂದೆ, "ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇದೆ, ಹೆಸರಿಗೆ ಹಾಲಿನ ಹೊಳೆ, ವರ್ಷದಲ್ಲಿ ಹೆಚ್ಚು ಕಾಲ ಮರಳಿನ ಹೊಳೆ. ಬೀಳುವ ಮಳೆಯೂ ಅಷ್ಟಕ್ಕಷ್ಟೇ. ಅದಕ್ಕೇ ನಮ್ಮ ಹಿರಿಯರು ಕೆರೆ ಕಟ್ಟಿದರು. ಒಂದಲ್ಲ, ಹತ್ತಲ್ಲ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು, 2007ರ ತನಕ, ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳ ಲೆಕ್ಕ ಇತ್ತು."

ಪುಟ್ಟಿಗೆ ಬೇಕಾದದ್ದು ಲೆಕ್ಕವಲ್ಲ. "ಒಂದಕ್ಕೊಂದು ಸೇರಿಕೊಂಡಿವೆಯಾ?" ಅಂದಳು.

ಅದೇ ವಿಷಯ. ನಮ್ಮ ಕೆರೆಗಳು ಸರದ ಮಣಿಗಳ ಹಾಗೆ. ಮೇಲಿನ ಕೆರೆ ತುಂಬಿದರೆ ಅದರ ಕೋಡಿಯಿಂದ ಹೆಚ್ಚಿನ ನೀರು ಇಳಿದು, ಕಾಲುವೆ ಹಿಡಿದು, ಕೆಳಗಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಟ್ಟ ಗುಡ್ಡ ಬಯಲುಗಳ ಮೇಲೆ ಬಿದ್ದ ಮಳೆಯನ್ನು ಕೆರೆಗೆ ತರುವುದಕ್ಕೂ ಕಾಲುವೆಗಳು. ಮಣಿ ಎಲ್ಲರ ಕಣ್ಣಿಗೂ ಕಾಣುತ್ತದೆ, ದಾರ ಕಾಣುವುದಿಲ್ಲ. ಆ ದಾರ ಹಾದು ಹೋಗುವುದು ಒಬ್ಬರ ರಾಗಿ ಹೊಲದ ಪಕ್ಕ, ಇನ್ನೊಬ್ಬರ ತೋಟದ ಬದಿ, ಮತ್ತೊಬ್ಬರ ಹಿತ್ತಲ ಹಿಂದೆ. ಒಬ್ಬರ ಜಾಗದಲ್ಲಿ ಕಾಲುವೆ ಹೂತುಹೋದರೆ ನೀರು ಅಲ್ಲಿಗೆ ಬಂದು...

"ನಿಂತುಬಿಡುತ್ತೆ," ಅಂದಳು ಪುಟ್ಟಿ. "ವಾಕರ್ ಅಜ್ಜಿ ಥರ."

ಮರುದಿನ ಬಾಡಿಗೆ ಕಾರು ಮಾಡಿಕೊಂಡು ಬೆಂಗಳೂರು ಹೆದ್ದಾರಿಯಲ್ಲಿ ನರಸಾಪುರದ ಕಡೆ ಹೋದೆವು. ಅಲ್ಲಿ ಲಕ್ಷ್ಮೀಸಾಗರ ಕೆರೆ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಬಂದು ಬಿದ್ದದ್ದು ಇಲ್ಲಿಗೆ. ಆ ನೀರು ಎರಡು ಹಂತದ ಶುದ್ಧೀಕರಣಕ್ಕೇ ನಿಲ್ಲಬಾರದು, ಮೂರನೇ ಹಂತವೂ ಆಗಬೇಕು ಎನ್ನುವ ಜಗಳ ಇನ್ನೂ ಇದೆ. ಜಗಳ ಸರಿಯಾದದ್ದೇ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಂದು ನಾನು ಪುಟ್ಟಿಗೆ ತೋರಿಸಿದ್ದು ಬೇರೆ. ಕೋಟಿಗಟ್ಟಲೆ ಖರ್ಚು ಮಾಡಿ, ಪಂಪು ಹಾಕಿ, ಬೆಟ್ಟದ ಸೀಮೆಗೆ ನೀರೇರಿಸಿದರೂ, ಒಂದು ಕೆರೆಯಿಂದ ಮುಂದಿನ ಕೆರೆಗೆ ಹೋಗಬೇಕಾದರೆ ಅದು ಹಿಡಿಯುವುದು ನಮ್ಮ ಮುತ್ತಜ್ಜಂದಿರು ತೋಡಿದ ಅದೇ ಕಾಲುವೆಯ ದಾರಿಯನ್ನು. ಕಾಲುವೆಯಲ್ಲಿ ಜಾಲಿ ಬೆಳೆದಿದ್ದರೆ ಯಾವ ಪಂಪೂ ಏನೂ ಮಾಡಲಾರದು.

ನರಸಾಪುರದಿಂದ ಮಾಲೂರಿನ ರಸ್ತೆ ಹಿಡಿದೆವು. ಮಾಲೂರು ಅಂದರೆ ದೊಡ್ಡವರಿಗೆ ಮಾಸ್ತಿಯವರ ತಾಲ್ಲೂಕು, ಭಕ್ತರಿಗೆ ಚಿಕ್ಕತಿರುಪತಿ, ಮನೆ ಕಟ್ಟುವವರಿಗೆ ಹೆಂಚು ಮತ್ತು ಇಟ್ಟಿಗೆ. ನಮ್ಮ ಹಳೆಯ ಮನೆಯ ಹೆಂಚೂ ಮಾಲೂರಿನದೇ. ಇಟ್ಟಿಗೆ ಗೂಡಿನ ಹೊಗೆ ಕಂಡು ಪುಟ್ಟಿ ಕಾರು ನಿಲ್ಲಿಸಿದಳು. ಮಣ್ಣು ಕಲಸುತ್ತಿದ್ದವರೊಬ್ಬರು ಅವಳ ಕೈಗೆ ಒಂದು ಮುದ್ದೆ ಕೊಟ್ಟರು. ಬೆಣ್ಣೆಯ ಹಾಗೆ ನುಣ್ಣಗಿತ್ತು.

ಆ ಮುದ್ದೆ ಹಿಡಿದುಕೊಂಡೇ ಅವಳು ಗೋಡಿನ ಕಥೆ ಕೇಳಿದಳು. ಕೆರೆಗೆ ನೀರಿನ ಜೊತೆ ಹೊಲಗಳ ಮೇಲ್ಮಣ್ಣೂ ಕೊಚ್ಚಿಕೊಂಡು ಬರುತ್ತದೆ. ನೀರು ನಿಂತಾಗ ಮಣ್ಣು ತಳ ಸೇರುತ್ತದೆ. ಅದೇ ಗೋಡು, ಹೂಳು ಅಂತಲೂ ಕರೆಯುತ್ತಾರೆ. ವರ್ಷ ವರ್ಷ ತೆಗೆಯದಿದ್ದರೆ ಕೆರೆ ತಟ್ಟೆಯಾಗುತ್ತದೆ. ನಾನು ಚಿಕ್ಕವನಾಗಿದ್ದಾಗ ಯುಗಾದಿ ಕಳೆದು ಕೆರೆ ಒಣಗಿತೆಂದರೆ ಬಂಡಿಗಳು ಕೆರೆಯಂಗಳಕ್ಕೆ ಇಳಿಯುತ್ತಿದ್ದವು. ಗೋಡನ್ನು ಅಗೆದು, ತುಂಬಿ, ಹೊಲಕ್ಕೆ ಹೊಡೆಯುವುದು. ಹೊಲಕ್ಕೆ ಗೊಬ್ಬರ ಆಯಿತು, ಕೆರೆಗೆ ಆಳ ಆಯಿತು. ಬಂಡಿಯಿಲ್ಲದವರು ಮಂಕರಿಯಲ್ಲಿ ಹೊರುತ್ತಿದ್ದರು. ಯಾರೂ ಅದನ್ನು ಸಮಾಜಸೇವೆ ಅಂತ ಕರೆದದ್ದು ನನಗೆ ನೆನಪಿಲ್ಲ. ಆ ಪದವೇ ನಮ್ಮ ಊರಿಗೆ ಬಂದಿರಲಿಲ್ಲ. ಆಮೇಲೆ ಚೀಲದಲ್ಲಿ ಬರುವ ಗೊಬ್ಬರ ಬಂತು, ಎತ್ತು ಹೋದವು, ಬಂಡಿ ಮೂಲೆ ಸೇರಿತು.

ಮೂರನೆಯ ದಿನ ಮುಳಬಾಗಿಲು. ಕೋಲಾರದಿಂದ ಸುಮಾರು 30 ಕಿಲೋಮೀಟರು. ಮೂಡಲ ಬಾಗಿಲು ಅನ್ನುವುದೇ ಮುಳಬಾಗಿಲಾಯಿತು ಅನ್ನುತ್ತಾರೆ. ಡಿ.ವಿ.ಜಿ.ಯವರು ಹುಟ್ಟಿದ ಊರು, 1887ರಲ್ಲಿ. ವಿಜಯನಗರದ ಕಾಲದಲ್ಲಿ ಇದೊಂದು ಪ್ರಾಂತ್ಯದ ಕೇಂದ್ರ, ಮುಳುವಾಯಿ ರಾಜ್ಯ ಅಂತ ಶಾಸನಗಳಲ್ಲಿ ಬರುತ್ತದೆ. ಪುಟ್ಟಿಯ ಡೈರಿಯಲ್ಲಿ ಮಾತ್ರ ಮುಳಬಾಗಿಲ ದೋಸೆಗೆ ಒಂದು ಪುಟ, ಉಳಿದದ್ದಕ್ಕೆಲ್ಲಾ ಸೇರಿ ಅರ್ಧ ಪುಟ. ತಪ್ಪೇನಿಲ್ಲ. ಹೊರಗೆ ಗರಿ, ಒಳಗೆ ಹತ್ತಿ, ಮೇಲೆ ಕೆಂಪು ಚಟ್ನಿ. ನಾನೂ ಎರಡು ತಿಂದೆ, ಮನೆಯಲ್ಲಿ ಒಂದು ಅಂತ ಹೇಳಿದ್ದೇನೆ.

ಕುರುಡುಮಲೆಯ ದೊಡ್ಡ ಗಣಪನಿಗೆ ಕೈಮುಗಿದು ಬರುವಾಗ ದಾರಿಯಲ್ಲಿ ಒಂದು ಕೆರೆಯ ಏರಿಯ ಮೇಲೆ ನಿಲ್ಲಿಸಿದೆವು. ಹುಣಿಸೆ ಮರದ ಕೆಳಗೆ ಒಬ್ಬ ಮುದುಕರು ಕುರಿ ಬಿಟ್ಟುಕೊಂಡು ಕೂತಿದ್ದರು. ಮಾತಿಗೆ ಮಾತು ಬೆಳೆದು, ಅವರ ಮನೆತನದವರು ಆ ಕೆರೆಯ ನೀರಗಂಟಿಗಳು ಎಂದು ತಿಳಿಯಿತು. ಅರ್ಧ ತೆಲುಗು, ಅರ್ಧ ಕನ್ನಡದ ನಮ್ಮ ಗಡಿಯ ಭಾಷೆಯಲ್ಲಿ ಅವರು ಹೇಳಿದ್ದನ್ನು ಪುಟ್ಟಿಗೆ ಬಿಡಿಸಿ ಹೇಳುತ್ತಾ ಹೋದೆ.

ನೀರಗಂಟಿ ಅಂದರೆ ಕೆರೆಯ ನೀರನ್ನು ಕಾಯುವವನು, ಹಂಚುವವನು. ತೂಬು ಎತ್ತುವುದೂ ಇಳಿಸುವುದೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾರದು ಮೊದಲು ಎನ್ನುವುದು ಅವನ ತಲೆಯಲ್ಲಿ. ಊರಿನ ದೊಡ್ಡ ಗೌಡನಾದರೂ ತಾನಾಗಿ ಮಡವೆ ತಿರುಗಿಸುವ ಹಾಗಿಲ್ಲ. ಗದ್ದೆಯೇ ಇಲ್ಲದವನ ಕೈಗೆ ನೀರು ಹಂಚುವ ಕೆಲಸ ಕೊಟ್ಟದ್ದು ಅದಕ್ಕೇ ಅಂತೆ, ಅವನು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಮಳೆ ಜೋರಾದ ರಾತ್ರಿ ಲಾಟೀನು ಹಿಡಿದು ಏರಿಯುದ್ದಕ್ಕೂ ನಡೆದು, ಎಲ್ಲಾದರೂ ನೀರು ಜಿನುಗುತ್ತಿದೆಯೇ ಅಂತ ನೋಡುವುದೂ ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುತ್ತಿದ್ದರು. ಹೆಚ್ಚಿನವರು ದಲಿತರು. ಇಷ್ಟು ದೊಡ್ಡ ಹೊಣೆ ಹೊತ್ತವನನ್ನು ಊರು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಅನ್ನುವುದನ್ನೂ ಪುಟ್ಟಿಗೆ ಹೇಳಬೇಕಾಯಿತು. "ಯಾಕೆ?" ಅಂದಳು. ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಆಗದಿರುವುದೇ ಸರಿ.

ಮಳೆಗಾಲಕ್ಕೆ ಮುಂಚೆ ತಮಟೆ ಬಾರಿಸಿ ಸಾರುತ್ತಿದ್ದರಂತೆ. ಮನೆಗೊಂದಾಳು ಸಲಿಕೆ, ಗುದ್ದಲಿ ತೆಗೆದುಕೊಂಡು ಕಾಲುವೆಗೆ ಬರಬೇಕು. ಬರಲಾಗದವರು ಬದಲಿ ಆಳು ಕಳಿಸಬೇಕು. ಅದೂ ಇಲ್ಲವಾದರೆ ತಪ್ಪು ಕಟ್ಟಬೇಕು, ತಪ್ಪು ಅಂದರೆ ದಂಡ. "ಐವತ್ತು ಡಾಲರಾ?" ಅಂದಳು ಪುಟ್ಟಿ. ಮುದುಕರಿಗೆ ಡಾಲರು ತಿಳಿಯಲಿಲ್ಲ, ಆದರೂ ನಕ್ಕರು.

ಈ ಏರ್ಪಾಡು ಇಂದು ನಿನ್ನೆಯದಲ್ಲ. ಕೋಲಾರದ ಸೀಮೆಯ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಅನ್ನುವ ಪದಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡಿ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ, ಹುಟ್ಟುವಳಿಯ ಪಾಲು. ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನೇ ಮಾಡಿತ್ತು. ನಮ್ಮ ಕಾಲದಲ್ಲಿ, 2002ರಲ್ಲಿ, ಜಲಸಂವರ್ಧನೆ ಯೋಜನೆ ಬಂದು ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಇವತ್ತಿಗೂ ಗುಡಿಸುವ ಸರದಿ ಬಂದ ಮನೆಯ ಬಾಗಿಲಿಗೆ ಆ ವಾರ ಒಂದು ಫಲಕ ನೇತುಹಾಕುತ್ತಾರೆ ಅಂತ ಓದಿದ್ದೆ. ಚಳಿಗಾಲದಲ್ಲಿ ಹಿಮವೂ ಆ ಕೆಲಸಕ್ಕೆ ಸೇರುತ್ತದೆ. ಅದನ್ನು ಹೇಳಿದರೆ ಮುದುಕರು, "ಫಲಕ ಏನಕ್ಕೆ? ನಮ್ಮಲ್ಲಿ ತಮಟೆ ಇತ್ತಲ್ಲ" ಅಂದರು.

"ಈಗ ಯಾಕಿಲ್ಲ?" ಪುಟ್ಟಿ ಕೇಳಿದಳು.

ಮುದುಕರು ಕೆಳಗಡೆಯ ಹಸಿರು ತೋಟದ ಕಡೆ ಗಡ್ಡ ತೋರಿಸಿದರು. ಅಲ್ಲಿ ಕೊಳವೆ ಬಾವಿಯ ಮೋಟಾರು ಓಡುತ್ತಿತ್ತು. ನೀರು ಅವರವರ ಹೊಲದೊಳಗೇ ನೆಲದಿಂದ ಮೇಲೆ ಬಂದರೆ ಕಾಲುವೆಯ ಗೊಡವೆ ಯಾರಿಗೆ ಬೇಕು? ಮೊದಲು ಇನ್ನೂರು ಅಡಿಗೆ ಸಿಗುತ್ತಿದ್ದದ್ದು ಈಗ ಸಾವಿರದಾಚೆ ಹೋಗಿದೆ. ಕೆರೆ ತುಂಬದೆ ಕೊಳವೆ ಬಾವಿಗೆ ನೀರು ಎಲ್ಲಿಂದ ಬರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿಯೊಬ್ಬರೂ ಕೆರೆ ಸರ್ಕಾರದ್ದು ಅನ್ನುತ್ತಾರೆ. ನಾನೂ ಅಂದವನೇ.

ನಾಲ್ಕನೆಯ ದಿನ ಶ್ರೀನಿವಾಸಪುರ. ಮಾವಿನ ಸೀಮೆ. ಈ ಊರಿಗೆ ಮೊದಲಿದ್ದ ಹೆಸರು ಪಾಪನಪಲ್ಲಿ. ಜುಲೈ ಮೊದಲ ವಾರ, ಮಂಡಿಯಲ್ಲಿ ಇನ್ನೂ ತೋತಾಪುರಿಯ ರಾಶಿ, ಲಾರಿಗಳ ಸಾಲು, ಹಣ್ಣಿನ ಹುಳಿ ಸಿಹಿ ವಾಸನೆ. ಪುಟ್ಟಿಗೆ ಒಂದು ಬುಟ್ಟಿ ಬಾದಾಮಿ ಕೊಡಿಸಿ, ಅಲ್ಲಿಂದ ಸ್ವಲ್ಪ ದೂರದ ನಮ್ಮ ಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ನಾನು ಹೆಚ್ಚು ಮಾತಾಡಲಿಲ್ಲ.

ನಮ್ಮ ತೋಪಿನ ಮೇಲ್ಗಡೆ ಒಂದು ಚಿಕ್ಕ ಕೆರೆ, ಕೆಳಗಡೆ ಊರಿನ ದೊಡ್ಡ ಕೆರೆ. ನಡುವಿನ ಕಾಲುವೆ ನಮ್ಮ ಜಮೀನಿನ ಅಂಚಿನಲ್ಲಿ ಹೋಗುತ್ತಿತ್ತು. ನಾನು ಹುಡುಗನಾಗಿದ್ದಾಗ ಮೂರು ಮಾರು ಅಗಲ. ಅದರಲ್ಲಿ ಈಜಿದ್ದೇನೆ. ಅಪ್ಪ ಕೊಳವೆ ಬಾವಿ ಹಾಕಿಸಿ ಮಾವು ನೆಟ್ಟಾಗ ಒಂದು ಸಾಲು ಕಾಲುವೆಯ ದಂಡೆಗೆ ಇಳಿಯಿತು. ಅಪ್ಪ ಹೋದ ಮೇಲೆ, ಹಣ್ಣು ಸಾಗಿಸಲು ಟ್ರ್ಯಾಕ್ಟರ್ ಒಳಗೆ ಬರಲೆಂದು ಉಳಿದ ಅಗಲಕ್ಕೆ ನಾಲ್ಕು ಲೋಡು ಮಣ್ಣು ಹೊಡೆಸಿದವನು ನಾನು. ಆಗ ಕೆರೆಗೆ ನೀರು ಬಂದು ಎಷ್ಟೋ ವರ್ಷವಾಗಿತ್ತು. ಯಾರೂ ಕೇಳಲಿಲ್ಲ. ನಾನು ಶಾಲೆಯಲ್ಲಿ ಅಂತರ್ಜಲದ ಪಾಠವನ್ನೂ ಮಾಡುತ್ತಿದ್ದೆ.

2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಗೆ ಹಿಂದೆಂದೂ ಕಾಣದಂಥ ಮಳೆ ಬಂತು. ನಿಮ್ಮ ಮನೆಯ ದೊಡ್ಡವರಿಗೆ ನೆನಪಿರುತ್ತದೆ. ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳು ಕೋಡಿ ಹರಿದವು. ಜನ ಬಾಗಿನ ಬಿಟ್ಟರು, ಕೋಡಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಮೇಲಿನ ಕೆರೆಯೂ ಒಂದು ರಾತ್ರಿ ಕೋಡಿ ಬಿತ್ತು. ನೀರು ತನ್ನ ಹಳೆಯ ದಾರಿ ಹಿಡಿದು ನಮ್ಮ ತೋಪಿನ ತನಕ ಬಂತು. ಅಲ್ಲಿ ದಾರಿ ಇರಲಿಲ್ಲ. ಪಕ್ಕಕ್ಕೆ ತಿರುಗಿ ತಗ್ಗಿನಲ್ಲಿದ್ದ ಮನೆಗಳಿಗೆ ನುಗ್ಗಿತು. ಪ್ರಾಣ ಹೋಗಲಿಲ್ಲ. ಒಂದು ಗೋಡೆ ಬಿತ್ತು. ಆಗಷ್ಟೇ ಕೊಯ್ದು ಒಳಗಿಟ್ಟ ರಾಗಿ ನೆನೆಯಿತು. ನಾನು ಕೋಲಾರದಲ್ಲಿದ್ದೆ. ಫೋನಿನಲ್ಲಿ ಎಲ್ಲರೂ, "ಏನು ಮಳೆ ಸಾರ್, ಏನು ಮಳೆ" ಅಂದರು. ನಾನೂ, "ಹೌದಪ್ಪಾ, ಭಾರೀ ಮಳೆ" ಅಂದೆ.

ತೋಪಿನ ಅಂಚಿನಲ್ಲಿ ನಿಂತು ಇದಿಷ್ಟನ್ನೂ ಪುಟ್ಟಿಗೆ ಹೇಳಿದೆ. ಅವಳು ಮಾವಿನ ಸಾಲನ್ನು ನೋಡಿದಳು, ತಗ್ಗಿನ ಮನೆಗಳನ್ನು ನೋಡಿದಳು.

"ಅವ್ರಿಗೆ ಗೊತ್ತಾ?"

"ಗೊತ್ತಿರಬಹುದು."

"ನೀವು ಹೇಳಿದ್ರಾ?"

ಅಂಚೆಯ ಹೆಂಗಸಿಗೆ ಅರ್ಧ ನಿಮಿಷದಲ್ಲಿ ಕ್ಷಮೆ ಕೇಳಿದವನು ನಾನು. ಇವರಿಗೆ ವರ್ಷಗಳಾದರೂ ಕೇಳಿರಲಿಲ್ಲ.

ಅಲ್ಲೇ ಮೂರು ದಿನ ಉಳಿದೆವು. ಜೆ.ಸಿ.ಬಿ. ಕರೆಸಿದೆ. ದಂಡೆಯ ಮೇಲಿದ್ದ ಏಳು ಮರ ಕಡಿಸಬೇಕಾಯಿತು, ಫಸಲು ಮುಗಿದಿತ್ತು, ಆದರೂ ಹೊಟ್ಟೆ ಉರಿಯಿತು. ಚಿಕ್ಕಪ್ಪನ ಮಗ ಬಂದು, "ಅಮೆರಿಕಾದಿಂದ ಬಂದ ಮಗು ಹೇಳಿತು ಅಂತ ಫಲ ಕೊಡೋ ಮರ ಕಡೀತಾರಾ?" ಅಂತ ಕೂಗಾಡಿ ಹೋದ. ಯಂತ್ರ ಮಾಡಿ ಬಿಟ್ಟ ಕೆಲಸವನ್ನು ಇಬ್ಬರು ಆಳು, ನಾನು, ಪುಟ್ಟಿ ಸೇರಿ ಸಲಿಕೆಯಲ್ಲಿ ಮಾಡಿದೆವು. ಮಣ್ಣಿನ ಸಲಿಕೆ ಹಿಮದ ಸಲಿಕೆಗಿಂತ ಭಾರ ಅನ್ನುವುದು ಅವಳ ಸಂಶೋಧನೆ. ಅಂಗೈಯಲ್ಲಿ ಬೊಬ್ಬೆ ಎದ್ದದ್ದನ್ನು ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿ ಹೆಮ್ಮೆಪಟ್ಟಳು, ನಾನು ಸೊಸೆಯಿಂದ ಬೈಸಿಕೊಂಡೆ.

ಎರಡನೆಯ ದಿನ ತಗ್ಗಿನ ಮನೆಯ ಒಬ್ಬ ಅಮ್ಮ ಬಂದು ದಂಡೆಯ ಮೇಲೆ ನಿಂತರು. ನಾನು ಸಲಿಕೆ ಊರಿ, ಮಣ್ಣು ಹೊಡೆಸಿದವನು ನಾನೇ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಕಾಲುವೆಯನ್ನೇ ನೋಡುತ್ತಿದ್ದರು.

"ರಾಗಿ ಮೂಟೇಲೇ ಮೊಳಕೆ ಬಂದಿತ್ತು ಮೇಷ್ಟ್ರೇ," ಅಂದರು. "ಬಿಚ್ಚಿದ್ರೆ ಒಳಗೆಲ್ಲಾ ಬೆಳ್ಳಗೆ."

ಬೇರೇನೂ ಹೇಳಲಿಲ್ಲ. ಸಂಜೆ ಒಂದು ಮಂಕರಿ ತಂದು, ನಾವು ತೆಗೆದು ಹಾಕಿದ್ದ ಕರಿಯ ಮಣ್ಣನ್ನು ತುಂಬಿಕೊಂಡು ತಮ್ಮ ಹಿತ್ತಲಿಗೆ ಹೊತ್ತುಕೊಂಡು ಹೋದರು. ನಾಲ್ಕು ಸಲ ಬಂದರು. ಪುಟ್ಟಿ ಪ್ರತಿ ಸಲವೂ ಮಂಕರಿ ಎತ್ತಿಕೊಟ್ಟಳು.

ನಮ್ಮ ಜಮೀನಿನ ಅಂಚಿನಷ್ಟು ಕಾಲುವೆ ಬಿಡಿಸಿಕೊಂಡಿತು. ಅದರಾಚೆ ಇನ್ನೊಬ್ಬರ ಹೊಲ. ಅಲ್ಲಿಯೂ ಕಾಲುವೆಯ ಗುರುತಿದೆ, ಒಳಗೆ ಜಾಲಿ ತುಂಬಿದೆ. ಅವರು ಬೆಂಗಳೂರಿನಲ್ಲಿದ್ದಾರೆ. ಫೋನು ಮಾಡಿದೆ. ನೋಡೋಣ ಸಾರ್ ಅಂದರು. ಅಕ್ಟೋಬರಿನಲ್ಲಿ ಇನ್ನೊಮ್ಮೆ ಮಾಡಿದೆ. ನೋಡೋಣ ಅಂದರು. ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದುಕೊಟ್ಟಿದ್ದೇನೆ, ಉದ್ಯೋಗ ಖಾತ್ರಿಯಲ್ಲಿ ಆ ತುಂಡನ್ನು ತೆಗೆಸಬಹುದೇ ಅಂತ.

ಮೊನ್ನೆ ಡಿಸೆಂಬರಿನಲ್ಲಿ ಪುಟ್ಟಿಯ ಫೋನು. ಅಲ್ಲಿ ಈ ವರ್ಷದ ಮೊದಲ ಹಿಮ ಬಿದ್ದಿತ್ತು. ನಮ್ಮ ಮನೆಯದನ್ನೂ ವಾಕರ್ ಅಜ್ಜಿಯ ಮನೆಯದನ್ನೂ ಸೇರಿಸಿ ತೆಗೆದಳಂತೆ, ಉಪ್ಪನ್ನೂ ಹಾಕಿದಳಂತೆ. ಬಿಸಿನೀರಿನ ಬಗ್ಗೆ ಒಂದು ಮಾತು ಚುಚ್ಚಿದಳು.

"ತಾತ, ಅಲ್ಲಿ ಮಳೆ ಬಂತಾ?"

"ಬಂತು. ಮೇಲಿನ ಕೆರೆ ಅರ್ಧ ತುಂಬಿತು. ಗುಡ್ಡದ ಕಡೆಯಿಂದ ಕಾಲುವೆಗೂ ಒಂದಿಷ್ಟು ನೀರು ಬಂತು."

"ಎಲ್ಲೀತನಕ ಬಂತು?"

"ನಮ್ಮ ತೋಪು ದಾಟಿತು. ಮೂಲೆಯಲ್ಲಿ ಹೊಂಗೆ ಮರ ಇದೆಯಲ್ಲ, ನೀನು ಮಣ್ಣು ಕೆರೆದು ನಿನ್ನ ಹೆಸರು ಬರೆದೆಯಲ್ಲ, ಅಲ್ಲೀತನಕ."

"ಆಮೇಲೆ?"

"ಆಮೇಲೆ ಪಕ್ಕದವರ ಹೊಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಕೇಳಿದಳು: "ತಾತ, ಅವ್ರ ಫೋನ್ ನಂಬರ್ ಕೊಡ್ತೀರಾ?"